ಅಕ್ಕೋರು ಕೊಡದ ಎಲೆ

ಅಂಗಡಿಯ ಮುಂದೆಯೇ ಪೊಟ್ಟಣ ಬಿಚ್ಚಿದ್ದೇ ತಡ, ಆ ಕಹಿ ವಾಸನೆ ಮೂಗಿಗೆ ಬಡಿಯಿತು. ಕಳೆದ ತಿಂಗಳು ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಎಂದಿದ್ದರು. ಗಡಹಿಂಗ್ಲಜ ಬಸ್ ಸ್ಟ್ಯಾಂಡಿನ ಎದುರು ಗಿಡಮೂಲಿಕೆ ಮಾರುವವನು ಗುಡಮಾರದ, ಅಂದರೆ ಮಧುನಾಶಿನಿಯ, ಪುಡಿ ಕಟ್ಟಿಕೊಟ್ಟಿದ್ದ. ಏಳನೆಯ ಇಯತ್ತೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಅಕ್ಕೋರು ನೆನಪಾದರು…

ನಮ್ಮದು ಗಡಿ ಊರಿನ ಕನ್ನಡ ಶಾಲೆ. ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು, ಕೀಲಿ ಯಾರ ಹತ್ತಿರವಿತ್ತೋ ದೇವರೇ ಬಲ್ಲ. ಅಕ್ಕೋರು ಶಾಲೆಯ ಹಿಂದೆ ಒಡೆದ ಕೊಡಗಳಲ್ಲಿ ಒಂದೆಲಗ, ಬಜೆ, ಅಕ್ಕಲಕಾರ, ಗುಡಮಾರ ಬೆಳೆಸಿ, ಅವುಗಳಿಂದಲೇ ಮಿದುಳಿನ ಪಾಠ ಮಾಡುತ್ತಿದ್ದರು. ಅಕ್ಕಲಕಾರದ ಹೂವು ಕಚ್ಚಿ ನಾಲಗೆ ಜೋಮು ಹಿಡಿದಾಗಲೇ ನರವೆಂದರೇನೆಂದು ನಮಗೆ ತಿಳಿದದ್ದು. ಒಂದು ದಿನ ಒಬ್ಬೊಬ್ಬರಿಗೆ ಒಂದೊಂದೇ ಗುಡಮಾರದ ಎಲೆ ಅಗಿಸಿ, ಆಮೇಲೆ ಬೆಲ್ಲ ಕೊಟ್ಟರು. ಬೆಲ್ಲ ಮಣ್ಣಿನ ಹಾಗಿತ್ತು! ಇಡೀ ವರ್ಗ ಹೋ ಎಂದಿತು.

"ಸವಿ ಬೆಲ್ಲದಾಗ ಇಲ್ಲ, ತಲ್ಯಾಗ ಐತಿ," ಎಂದರು. "ನಾಲಗಿ ಸುದ್ದಿ ಕಳಿಸಿದ್ರ ಮಿದುಳು ಸವಿ ಅಂತೈತಿ. ಈ ಎಲಿ ಆ ಸುದ್ದಿನ ತಡೀತೈತಿ. ಮನಿಗೆ ಯಾರೂ ಒಯ್ಯಬ್ಯಾಡ್ರಿ ಮತ್ತ."

ಶಾಣ್ಯಾಕಿ ಅಲ್ಲವೇ ನಾನು! ಸವಿ ಎಷ್ಟು ಹೊತ್ತು ಬರುವುದಿಲ್ಲ ನೋಡೋಣವೆಂದು ಮರುದಿನ ಎರಡು ಎಲೆ ಕದ್ದು ಅಗಿಯುತ್ತ, ಅಪ್ಪ ಬೆಲ್ಲ ಕಾಯಿಸುತ್ತಿದ್ದ ಗಾಣಕ್ಕೆ ಹೋದೆ. ಅಂದು ಹಂಗಾಮಿನ ಮೊದಲ ಬೆಲ್ಲ. ದೇವರ ಮುಂದಿಟ್ಟ ಮೇಲೆ ಅದನ್ನು ಹೆಣ್ಣುಮಗುವಿನ ಕೈಗೆ ಕೊಡುವುದು ಆ ಗಾಣದ ವಾಡಿಕೆ. ಮಾಲಕ ನನ್ನನ್ನೇ ಕರೆದು ಕೊಟ್ಟ. ಬಾಯಿಗಿಟ್ಟವಳೇ ಎಲ್ಲರೆದುರು ಥೂ ಎಂದು ಉಗುಳಿಬಿಟ್ಟೆ.

ಅಪಶಕುನವೆಂದು ಮಾಲಕ ಕೂಗಾಡಿದ. ಗಾಣಕ್ಕೆ ಇನ್ನು ಬರಬೇಡವೆಂದು ಅಪ್ಪನಿಗೆ ಹೇಳಿಯೂ ಬಿಟ್ಟ. ನನ್ನ ಬಾಯಲ್ಲಿದ್ದ ಎಲೆ ಕಂಡು, ಅದು ಶಾಲೆಯ ಗಿಡದ್ದೆಂದು ಮರುದಿನ ಮಾಲಕ, ಅಪ್ಪ ಇಬ್ಬರೂ ಶಾಲೆಗೆ ಬಂದರು. ಹೆಡ್‌ಮಾಸ್ತರರು ನನ್ನನ್ನು ಮುಂದೆ ನಿಲ್ಲಿಸಿ ಕೇಳಿದರು:

"ಎಲಿ ಯಾರು ಕೊಟ್ರವಾ?"

"ಅಕ್ಕೋರು ಕೊಟ್ಟಾರ್ರೀ," ಅಂದೆ.

ಅಕ್ಕೋರು ನನ್ನನ್ನು ನೋಡಿದರು. ಅಪ್ಪನ ಕೈಯಲ್ಲಿದ್ದ ಕೋಲನ್ನೂ ನೋಡಿದರು. "ಹೌದ್ರಿ, ನಾನ ಕೊಟ್ಟೇನಿ," ಎಂದರು.

ಕೊಡಗಳನ್ನು ಅಂದೇ ಹಳ್ಳಕ್ಕೆ ಎಸೆದರು. ತಪ್ಪು ಅಕ್ಕೋರದೆಂದಾಗಿ ಅಪ್ಪನ ಕೆಲಸ ಉಳಿಯಿತು. ಅಕ್ಕೋರನ್ನು ಸಂಕ್ರಾಂತಿಯೊಳಗೆ ಬೇರೆ ಶಾಲೆಗೆ ಕಳಿಸಿದರು. ಅಲ್ಲಿ ಅವರಿಗೆ ವಿಜ್ಞಾನ ಕೊಡಲಿಲ್ಲವಂತೆ, ಚಿತ್ರಕಲೆ ಕಲಿಸಲು ಹಚ್ಚಿದರಂತೆ… ಅದನ್ನು ಕೇಳಿದ ಮೇಲೂ ನಾನು ಒಂದು ಪತ್ರ ಬರೆಯಲಿಲ್ಲ.

ಈಗ ಪೊಟ್ಟಣ ಹಿಡಿದು ಅಂಗಡಿಯಿಂದಲೇ ಅವರ ಮನೆ ಹುಡುಕಿಕೊಂಡು ಹೋದೆ. ಇವತ್ತಾದರೂ ನಿಜ ಹೇಳಬೇಕಿತ್ತು. ಬಾಗಿಲು ತೆರೆದವರು ಅವರ ತಂಗಿ.

"ಅಕ್ಕ ತೀರಿಕೊಂಡು ನಾಕ ತಿಂಗಳಾತ್ರಿ," ಎಂದು ಒಳಗೆ ಕೂಡಿಸಿ ಚಹಾ ಕೊಟ್ಟರು. ಅಕ್ಕೋರ ಹತ್ತಿರ ಕಲಿತವಳೆಂದಷ್ಟೇ ಹೇಳಿದೆ.

"ಬೆಲ್ಲ ಉಗುಳಿದ ಹುಡುಗಿನ್ನ ಭಾಳ ನೆನಸ್ತಿದ್ಲು. ಪಾಪ, ಅಂಜಿ ಹಂಗ ಅಂದೈತಿ ಕೂಸು, ಎಂದಾರ ಒಮ್ಮೆ ಬಂದೀತು ಅಂತಿದ್ಲು. ನೀವೂ ಅದ ಸಾಲಿಯವರ ಅಲ್ರಿ… ಆ ಹುಡುಗಿ ನಿಮಗ ಗುರ್ತ ಅದಾಳೇನ್ರಿ?"

"ಇಲ್ರೀ," ಅಂದೆ.