ಸುಣ್ಣದ ಕೆಳಗಿನ ನಂಬರು

ಹೋದ ವರ್ಷ ದೀಪಾವಳಿ ಕಳೆದ ಮರುವಾರ, ಬೆಳಗಿನ ಒಂಬತ್ತು ಗಂಟೆಗೆ, ಹೈದರಾಬಾದಿನ ಮೂಸಿ ದಂಡೆಯಲ್ಲಿ, ಸೋದರತ್ತೆ ಚಂದ್ರವ್ವನ ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ದಂಡೆಯ ಮನೆಗಳನ್ನು ತೆರವು ಮಾಡಲು ಸರ್ಕಾರ ಕಳಿಸಿದ್ದ ಜೆಸಿಬಿ ಪಕ್ಕದ ಮನೆಯ ಗೋಡೆ ಬೀಳಿಸಿತು. ಎದ್ದ ಧೂಳಿನಲ್ಲಿ ಹಳೆಯ ಸುಣ್ಣದ ವಾಸನೆಯಿತ್ತು.

ಅವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಆ ವಾಸನೆಯಲ್ಲಿ, ಅತ್ತೆಯ ಮನೆಯಲ್ಲಿ. ಬೀದರಿನ ಕಡೆಯಿಂದ ಬಂದ ಅಪ್ಪ ಮತ್ತು ಮಾವ ನೂಲಿಗೆ ಬಣ್ಣ ಹಾಕುವ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಸಂಜೆ ಮನೆಗೆ ಬಂದರೆ ಮೊಣಕೈವರೆಗೆ ನೀಲಿ. ಮಳೆಗಾಲದ ಕೊನೆಗೆ ಹೊಳೆ ಒಳಗೆ ನುಗ್ಗಿ, ಗೋಡೆಗೆ ಸೊಂಟದೆತ್ತರ ಕೆಸರಿನ ಗೆರೆ ಬಿಟ್ಟು ಹೋಗುತ್ತಿತ್ತು. ದಸರೆಯೊಳಗೆ ಆ ಗೆರೆ ಕಾಣದಂತೆ ಸುಣ್ಣ ಬಳಿಯುವುದು ಇಡೀ ಗಲ್ಲಿಯ ಹೆಂಗಸರ ಪದ್ಧತಿ. ಸುಣ್ಣದ ಕಲ್ಲಿಗೆ ನೀರು ಸುರಿದರೆ ಡಬ್ಬಿ ಕೊತಕೊತ ಕುದಿಯುತ್ತಿತ್ತು. ನಾನು ಇದ್ದಿಲಲ್ಲಿ ಬರೆದ ಆನೆಗಳೂ ಅದರಡಿ ಹೋಗುತ್ತಿದ್ದವು. ಅತ್ತರೆ ಅತ್ತೆ ನನ್ನ ಮೂಗಿಗೂ ಸುಣ್ಣ ಹಚ್ಚಿ, "ಮುಂದಿನ ವರ್ಷ ಇದಕ್ಕಿಂತ ದೊಡ್ಡ ಆನಿ ತಗಿಯಂತ, ಸುಮ್ಮನಾಗೋ ಭಾಡ್ಯಾ" ಎನ್ನುತ್ತಿದ್ದಳು.

ಹೋದ ದಸರೆಗೂ ಅವಳು ಸುಣ್ಣ ಬಳಿದಳು. ಅದಕ್ಕೆ ಮೊದಲು, ಅವಳು ಮನೆಯಲ್ಲಿಲ್ಲದಾಗ, ಸರ್ವೆಯವರು ಗೋಡೆಗೆ ಕೆಂಪು ನಂಬರು ಬರೆದು ಹೋಗಿದ್ದರು. ನಂಬರಿದ್ದವರಿಗೇ ಬದಲಿ ಮನೆ ಎಂದು ಯಾವ ಭಾಷೆಯಲ್ಲೂ ಅವಳಿಗೆ ಯಾರೂ ಹೇಳಲಿಲ್ಲ. ಹಬ್ಬದ ಗೋಡೆಯ ಮೇಲಿನ ಹೊಲಸೆಂದು ಅದನ್ನು ಮುಚ್ಚಿದಳು. ಎರಡನೇ ಸಲ ಬಂದವರು ನಂಬರು ಕಂಡ ಮನೆಗಳನ್ನಷ್ಟೇ ಪಟ್ಟಿಗೆ ಸೇರಿಸಿದರು. ಓದಲು ಬಾರದ್ದು ಅವಳ ತಪ್ಪಂತೆ. ಹೇಳದೆ ಬರೆದು ಹೋದದ್ದು ಯಾರ ತಪ್ಪೂ ಅಲ್ಲವಂತೆ!

"ನಂಬರ್ ಕಹಾಂ ಹೈ ಅಮ್ಮಾ?" ಎಂದ ಆ ಬೆಳಿಗ್ಗೆ ಜೆಸಿಬಿ ಜೊತೆ ಪಟ್ಟಿ ಹಿಡಿದು ಬಂದ ಅಧಿಕಾರಿ.

"ಅದರ ಮ್ಯಾಲ ನಾನ ಸುಣ್ಣಾ ಹಚ್ಚೀನ್ರಿ ಸಾಹೇಬ್ರ."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಎದುರುಮನೆಯ ರೆಹಾನಾ ಆಪಾ, "ಮೈ ದೇಖೀ ಸಾಬ್, ಲಿಖೇ ಥೇ!" ಎಂದು ಕೂಗಿದಳು. ನಂಬರು ಬರೆದದ್ದನ್ನು ತಾನು ಕಂಡಿದ್ದೇನೆಂಬ ಅವಳ ಮಾತನ್ನು ಆತ ಬರೆದುಕೊಳ್ಳಲಿಲ್ಲ. ಮನೆ ಕೊಡಲು ನಂಬರು ಬೇಕಿತ್ತು, ಕೆಡವಲು ಬೇಕಿರಲಿಲ್ಲ.

ಹೊರಗೆ ರಾಶಿ ಹಾಕಿದ್ದ ಪಾತ್ರೆಗಳಿಂದ ಸೌಟೊಂದನ್ನು ಎತ್ತಿಕೊಂಡು ಅತ್ತೆ ಗೋಡೆ ಕೆರೆಯತೊಡಗಿದಳು. ಸುಣ್ಣ ಉದುರಿ ಕೆಂಪು ಒಂದು, ಅದರ ಪಕ್ಕ ನಾಲ್ಕರ ಅರ್ಧ ಕಂಡಿತು. ಅಧಿಕಾರಿ ಅದನ್ನು ನೋಡಿದ. ನೋಡಿ, ಜೆಸಿಬಿಗೆ ಕೈ ಬೀಸಿದ. ಇಸ್ತ್ರಿ ಅಂಗಡಿಯ ಯಾದಗಿರಿ ಓಡಿಬಂದು ಅತ್ತೆಯನ್ನು ಎಳೆದುಕೊಂಡ.

ಈ ಬೇಸಿಗೆಯಲ್ಲಿ ಅತ್ತೆ ಉಪ್ಪಲಿನ ನನ್ನ ಬಾಡಿಗೆ ಮನೆಯಲ್ಲಿ ತೀರಿಕೊಂಡಳು. ಆ ಕೆಂಪು ಅಂಕಿಗಳನ್ನು ಕಣ್ಣಾರೆ ಕಂಡವರು ಇನ್ನೂ ಇದ್ದೇವೆ: ರೆಹಾನಾ ಆಪಾ, ಯಾದಗಿರಿ, ನಾನು.