ಒಂಬತ್ತನೇ ನಂಬರಿನ ಅಂಗಿ

ಮುಖ ಮರೆತರೂ ನಡಿಗೆ ಮರೆಯುವವಳಲ್ಲ ನಾನು. ಫಿಸಿಯೋಥೆರಪಿಸ್ಟ್ ಆಗಿ ಇಷ್ಟು ವರ್ಷ ಜನರ ಮಂಡಿ, ಸೊಂಟ ತಿಕ್ಕಿದ್ದಕ್ಕೆ ಸಿಕ್ಕ ಬಹುಮಾನ ಇದು. ಜಾರ್ಜಿಯಾ ದೇಶದ ಆ ಫುಟ್‌ಬಾಲ್ ಆಟಗಾರ ಸಿಂಗಪುರದ ತಂಜಾಂಗ್ ಪಗಾರ್ ಬಡಾವಣೆಯ ನಮ್ಮ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ, ಬಾಗಿಲಿನಿಂದ ಮಂಚದವರೆಗೆ ನಡೆಯುವಷ್ಟರಲ್ಲೇ ಅವನ ಬಲ ಮಂಡಿಯ ಹಣೆಬರಹ ನನಗೆ ಗೊತ್ತಾಗಿತ್ತು.

ಅವನು ಫಾರ್ವರ್ಡ್. ಗೋಲು ಹೊಡೆಯುವುದಕ್ಕೆಂದೇ ಇಲ್ಲಿನ ಕ್ಲಬ್ಬೊಂದು ಅವನನ್ನು ಕರೆಸಿಕೊಂಡಿತ್ತು. ಅವನ ಕಥೆಯನ್ನೆಲ್ಲ ಅವನ ಮೈಯೇ ಹೇಳುತ್ತಿತ್ತು. ತೊಡೆಯ ಸ್ನಾಯು ಹರಿದದ್ದು ಅವನದೇ ಊರಿನ ತಂಡದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲು. ಪಾದದ ಕೀಲು ಮುರಿದದ್ದು ಹಿಮದಲ್ಲಿ ಆಡಿಸುವ ಇನ್ನೊಂದು ದೇಶದಲ್ಲಿ. ಮೂಗು ಸೊಟ್ಟಗಾದದ್ದು ಮತ್ತೆಲ್ಲೋ. ಒಂದು ದೇಶ ಬೇಡವೆಂದಾಗ ಇನ್ನೊಂದು ಕಡೆಗೆ ಹೊರಟು, ಕೊನೆಗೆ ಇಲ್ಲಿನ ಸೆಕೆಗೆ ಬಂದು ಬಿದ್ದಿದ್ದ. ಎಲ್ಲಿ ಆಡಿದರೂ ಪಂದ್ಯ ಮುಗಿದ ಮೇಲೆ ಅಪ್ಪನಿಗೆ ಫೋನು. ಅಪ್ಪ ಶಾಲೆಯ ಆಟದ ಮೇಷ್ಟ್ರು, ಮಗನಿಗೆ ಚೆಂಡು ಒದೆಯಲು ಕಲಿಸಿದವರು. ಫೋನಿನಲ್ಲಿ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಗೋಲು ಹೊಡೆದೆಯಾ ಎಂದು. ಊಟ ಆಯಿತಾ ಎಂದು ಒಮ್ಮೆಯೂ ಕೇಳಿದವರಲ್ಲ.

ಮಗ ಹೊರದೇಶದಲ್ಲಿ ಆಡಿದ್ದನ್ನು ಆ ಅಪ್ಪ ಕಣ್ಣಾರೆ ಕಂಡಿರಲಿಲ್ಲ. ಹಾಸಿಗೆ ಹಿಡಿದ ಹೆಂಡತಿಯನ್ನು ಬಿಟ್ಟು ಬರುವಂತಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ಒಂದು ಪಂದ್ಯವನ್ನಾದರೂ ನೋಡಿಯೇ ಸಾಯುತ್ತೇನೆಂದು ಹಟ ಹಿಡಿದರು. ಮಗ ಟಿಕೆಟ್ ತೆಗೆಸಿದ. ಆಮೇಲೆ ಕ್ಲಬ್ಬಿನವರು ಮುಂದಿನ ಸೀಸನ್ನಿನ ಪರೀಕ್ಷೆಗೆಂದು ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

ಒಂಟಿಕಾಲಿನಲ್ಲಿ ಜಿಗಿಯಲು ಹೇಳಿದೆ. ಜಿಗಿದ, ಗೋಡೆ ಹಿಡಿದುಕೊಂಡ.

‘ಇನ್ನೊಂದೇ ಸೀಸನ್, ಡಾಕ್ಟರ್’ ಎಂದ. ನಾನು ಡಾಕ್ಟರ್ ಅಲ್ಲವೆಂದು ಅವನಿಗೆ ಎಷ್ಟೋ ಸಲ ಹೇಳಿದ್ದೆ.

‘ಇನ್ನೊಂದು ಮ್ಯಾಚೂ ಆಗಲ್ಲ. ಆಡಿದ್ರೆ ಆಮೇಲೆ ಮೆಟ್ಟಿಲು ಹತ್ತೋಕೂ ಆಗಲ್ಲ ನಿಮಗೆ.’

ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ನನ್ನ ಕೆಲಸ, ಕ್ಲಬ್ಬಿನವರಿಗೂ ಅದನ್ನೇ ಹೇಳಿದೆ. ವಿದೇಶಿಯರಿಗೆ ಇಲ್ಲಿನ ತಂಡಗಳಲ್ಲಿ ಕೆಲವೇ ಜಾಗ, ಹೊಸಬ ಬರಬೇಕಾದರೆ ಹಳಬ ಏಳಬೇಕು. ಹೊಸಬ ಆಗಲೇ ಊರಿನಲ್ಲಿ ಬಂದು ಕೂತಿದ್ದ. ಅದೇ ಎತ್ತರ, ಅದೇ ಬಿಳಿ ಮೈ, ಅದೇ ಬೋಳಿಸಿದ ತಲೆ. ಇವನು ಹಾಕುತ್ತಿದ್ದ ಒಂಬತ್ತನೇ ನಂಬರಿನ ಅಂಗಿಯನ್ನೇ ಅವನಿಗೆ ತೊಡಿಸಿ ಫೋಟೋ ಹಾಕಿದರು. ಇವನಿಗೆ ಒಂದು ಬೀಳ್ಕೊಡುಗೆಯನ್ನೂ ಮಾಡಲಿಲ್ಲ.

ಅಪ್ಪನಿಗೆ ಹೇಳಲು ಇವನಿಗೆ ಬಾಯಿ ಬರಲಿಲ್ಲ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ, ದೂರದ್ದು ಮಸುಕು. ಈ ಪುಣ್ಯಾತ್ಮನಿಗೆ ಹೊಳೆದ ಉಪಾಯವೆಂದರೆ, ಅಪ್ಪನನ್ನು ಸ್ಟೇಡಿಯಮ್ಮಿನಲ್ಲಿ ಕೂರಿಸಿ ಒಂಬತ್ತನೇ ನಂಬರು ನಾನೇ ಎಂದು ಹೇಳುವುದು. ಮುದುಕರ ಪಕ್ಕ ಕೂರಲು ಒಬ್ಬರು ಬೇಕು. ನನ್ನನ್ನು ಕೇಳಿದ.

ಬ್ಯಾಂಕಿನಿಂದ ಬಂದು ಟೈ ಬಿಚ್ಚುತ್ತಿದ್ದ ನನ್ನ ಗಂಡ ಇದನ್ನು ಕೇಳಿ ರೇಗಿದ. ‘ಪೇಷಂಟ್ಸ್‌ನ ಕ್ಲಿನಿಕ್‌ನಲ್ಲೇ ಬಿಟ್ ಬರ್ಬೇಕು ಕಣೇ. ಅವ್ನು ಅಪ್ಪಂಗೆ ಟೋಪಿ ಹಾಕೋಕೆ ನೀನ್ಯಾಕೆ ಸಪೋರ್ಟ್ ಮಾಡ್ತೀಯ?’

‘ಪಾಪ ಕಣ್ರೀ, ಒಂದೇ ಮ್ಯಾಚು.’

‘ಸುಳ್ಳಿಗೆ ಒಂದೇ ಮ್ಯಾಚ್ ಅಂತ ಇರಲ್ಲ.’

ಆದರೂ ಹೋದೆ. ಮುದುಕರು ಈ ಸೆಕೆಯಲ್ಲೂ ಕೋಟು ಹಾಕಿಕೊಂಡು, ಮಂಡಿಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತಿದ್ದರು. ಅವರ ಊರಿನ ತಿಂಡಿಯಂತೆ, ದ್ರಾಕ್ಷಿ ರಸದಲ್ಲಿ ಅದ್ದಿದ ಅಕ್ರೋಟಿನ ಸರವೊಂದನ್ನು ನನ್ನ ಕೈಗೆ ಕೊಟ್ಟರು. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆಟಗಾರರು ಮೈದಾನಕ್ಕೆ ಇಳಿದಾಗ ಅವರು ನನ್ನ ಕಡೆ ತಿರುಗಿ ಬೆರಳು ತೋರಿಸಿದರು. ನಾನು ಒಂಬತ್ತನೇ ನಂಬರನ್ನು ತೋರಿಸಿ ಹೌದೆಂದು ತಲೆಯಾಡಿಸಿದೆ. ಮುದುಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಜವಾದ ಮಗ ಮೇಲಿನ ಸಾಲಿನ ಕಂಬದ ಹಿಂದೆ ಕ್ಯಾಪು ಇಳಿಸಿಕೊಂಡು ನಿಂತಿದ್ದ.

ಆ ಹೊಸ ಫಾರ್ವರ್ಡ್ ಎಂಥ ದರಿದ್ರ ಆಟ ಆಡಿದನೆಂದರೆ, ಫುಟ್‌ಬಾಲಿನ ಗಂಧಗಾಳಿ ಇಲ್ಲದ ನನಗೂ ತಿಳಿಯುತ್ತಿತ್ತು. ಚೆಂಡು ಕಾಲಿಗೆ ಬಂದರೆ ತಾನೇ ಎಡವುತ್ತಿದ್ದ. ಗೋಲ್‌ಕೀಪರ್ ಮುಗ್ಗರಿಸಿ ಬಿದ್ದು ಬಲೆ ಬಾಗಿಲಿಲ್ಲದ ಮನೆಯಂತೆ ತೆರೆದಿದ್ದಾಗ, ಚೆಂಡನ್ನು ಹೊರಗೆ ಒದ್ದ. ಹಿಂದಿನ ಸಾಲಿನವರು ನಕ್ಕರು. ‘ಗೋ ಹೋಮ್ ಲಾ, ನಂಬರ್ ನೈನ್!’ ಎಂದು ಒಬ್ಬ ಕೂಗಿದ. ನೈನ್ ಎಂಬ ಮಾತು ಮುದುಕರಿಗೆ ಅರ್ಥವಾಗಿರಬೇಕು, ಕಿವಿ ಕೆಂಪಾಯಿತು. ಪಂದ್ಯ ಮುಗಿಯುವ ಮೊದಲೇ ಒಂಬತ್ತನೇ ನಂಬರನ್ನು ಹೊರಗೆ ಕರೆಸಿ ಬೇರೆಯವನನ್ನು ಇಳಿಸಿದರು. ಅದು ಅವರ ಮಸುಕು ಕಣ್ಣಿಗೂ ಕಂಡಿತು.

ಆಮೇಲೆ ಗೇಟಿನ ಹತ್ತಿರ ಮಗ ಬಂದ. ಸ್ನಾನ ಮಾಡಿ ಬಂದವನ ಹಾಗೆ ಕಾಣಲೆಂದು ಶೌಚಾಲಯದ ನಲ್ಲಿಗೆ ತಲೆಯೊಡ್ಡಿ ಬಂದಿದ್ದ. ಕುತ್ತಿಗೆಯಿಂದ ನೀರು ಇಳಿಯುತ್ತಿತ್ತು, ಎಂದಿನ ಹಾಗೆ ಕುಂಟುತ್ತಿದ್ದ. ತಬ್ಬಿಕೊಳ್ಳಲು ಹೋದ. ಮುದುಕರು ಅಂಗೈ ಅಡ್ಡ ಹಿಡಿದು, ಮೆಲುದನಿಯಲ್ಲೇ ಏನೋ ಹೇಳಿದರು. ಮಗ ತಲೆ ತಗ್ಗಿಸಿ ಒಂದು ಮಾತು ಆಡಿದ. ಅದಕ್ಕೂ ಅವರ ಬಳಿ ಉತ್ತರವಿತ್ತು. ಹೇಳಿ, ಒಬ್ಬರೇ ಗೇಟಿನಾಚೆಗೆ ನಡೆದುಬಿಟ್ಟರು.

‘ಏನಂದ್ರು?’ ಎಂದೆ.

‘ಅಮ್ಮ ಸತ್ತಾಗ ಮ್ಯಾಚ್ ಇದೆ ಅಂತ ಮಣ್ಣಿಗೂ ಬರಲಿಲ್ಲ ನೀನು, ಈ ಆಟ ಆಡೋದಕ್ಕಾ, ಅಂದ್ರು.’

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಹಿಂದೆ ಓಡಿ, ಆಡಿದ್ದು ಇವನಲ್ಲ ಮಹರಾಯರೇ, ಇವನು ಹೀಗೆ ಆಡುವವನಲ್ಲ ಎಂದು ಕನ್ನಡದಲ್ಲಾದರೂ ಕೂಗಿಬಿಡೋಣ ಅನ್ನಿಸಿತು.

‘ನಿಜ ಹೇಳ್ದಿದ್ರೂ ಹೋಗ್ಲಿ, ಮಂಡಿ ಹಾಳಾಗಿದೆ ಅಂತಾದ್ರೂ ಹೇಳ್ಬಾರದಿತ್ತಾ?’

‘ಹೇಳಿದೆ ಡಾಕ್ಟರ್’ ಎಂದ. ‘ನೆಪ ಹೇಳಬೇಡ ಅಂದ್ರು.’