ನೆಂಟರಿಲ್ಲದ ಊರು

ಅಕ್ಷರವು ಮನುಷ್ಯನನ್ನು ಎತ್ತರಕ್ಕೆ ಏರಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನ್ನನ್ನು ಅದು ಯಲಹಂಕದ ನಮ್ಮ ದೊಡ್ಡಮ್ಮನ ಮನೆಯ ಸಿಂಕಿನವರೆಗೆ ಮಾತ್ರ ಒಯ್ದಿದೆ.

ಭಾನುವಾರದ ಬಾಡೂಟ ಮುಗಿದ ಮೇಲೆ ಅಲ್ಲಿ ‘ಹೆಸರು, ಊರು, ಪ್ರಾಣಿ, ವಸ್ತು’ ಆಟ ನಡೆಯುತ್ತದೆ. ಒಂದು ಅಕ್ಷರ ಕೊಡುತ್ತಾರೆ. ನಾಲ್ಕಕ್ಕೂ ಅದರಿಂದಲೇ ಶುರುವಾಗುವ ಪದ ಬರೆಯಬೇಕು. ಸೋತವರು ಅಷ್ಟೂ ಜನರ ಪಾತ್ರೆ ತೊಳೆಯಬೇಕು. ತೀರ್ಪು ದೊಡ್ಡಮ್ಮನದು. ಆಕೆಯ ಕಾನೂನಿನಲ್ಲಿ ನೆಂಟರಿಲ್ಲದ ಊರು ಊರೇ ಅಲ್ಲ. ಪ್ಯಾರಿಸ್ಸು ಒಮ್ಮೆ ಹೀಗೆಯೇ ಭೂಪಟದಿಂದ ಅಳಿಸಿಹೋಯಿತು.

ಮೊನ್ನೆ ಕೊನೆಯ ಸುತ್ತಿಗೆ ‘ರಾ’ ಬಂತು. ಅಲ್ಲಿಯವರೆಗೆ ನಾನೂ ಭಾವನೂ, ಅಂದರೆ ದೊಡ್ಡಮ್ಮನ ಮಗಳ ಗಂಡನೂ, ತಳದಲ್ಲಿ ಸಮನಾಗಿದ್ದೆವು. ಭಾವ ರಾಜಾನುಕುಂಟೆ ಬರೆದಿದ್ದರು. ಅವರ ತಂಗಿಯನ್ನು ಕೊಟ್ಟಿರುವುದು ಅಲ್ಲಿಗೇ. ಹತ್ತು ಅಂಕ. ನಾನು ರಾಯಚೂರು ಬರೆದಿದ್ದೆ.

“ಅಲ್ಲಿ ನಮ್ಮೋರು ಯಾರವ್ರೋ?” ಎಂದರು ದೊಡ್ಡಮ್ಮ.

ಪಾತ್ರೆಗಳ ರಾಶಿ ಕಣ್ಣಿಗೆ ಬಿತ್ತು. “ಅಕ್ಕನ್ನ ನೋಡೋಕೆ ಅಲ್ಲಿಂದ ಒಬ್ರು ಎಂಜಿನಿಯರ್ ಬಂದಿದ್ರಲ್ಲ ದೊಡ್ಡಮ್ಮ, ಎರಡೆರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡು ತಿಂದಿದ್ರು?” ಎಂದೆ.

ಭಾವ ಪೆನ್ನು ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು. “ಯಾವ ಎಂಜಿನಿಯರು? ನಂಗೆ ಯಾರೂ ಹೇಳೇ ಇಲ್ವಲ್ಲ!”

ಅಕ್ಕ ನನ್ನನ್ನೇ ದಿಟ್ಟಿಸಿದಳು.

“ಉಪ್ಪಿಟ್ಟು ತಿಂದೋರೆಲ್ಲ ನೆಂಟ್ರಾಗಲ್ಲ ಕಣೋ,” ಎಂದು ದೊಡ್ಡಮ್ಮ ತೀರ್ಪು ಕೊಟ್ಟರು.

ರಾಯಚೂರಿಗೆ ಸೊನ್ನೆ ಬಿತ್ತು. ಅಕ್ಕ ಒಳಗೆ ಹೋಗಿ, ವಾರದಿಂದ ನೆನೆಹಾಕಿದ್ದ ಸೀದ ಕುಕ್ಕರನ್ನೂ ತಂದು ರಾಶಿಗೆ ಸೇರಿಸಿದಳು. ಎಲ್ಲವನ್ನೂ ನಾನೇ ತೊಳೆದೆ.